ಕುಮಟೆಯಲ್ಲಿ ಬೆಳೆಯದ ಕುಮಟಾ ಹತ್ತಿ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಮುಂಬಯಿ ಮತ್ತು ಲಿವರ್‌ಪೂಲಿನ ದಲ್ಲಾಳಿಗಳ ಬಾಯಲ್ಲಿ ‘ಕುಮಟಾ’ ಎಂಬುದು ಊರಿನ ಹೆಸರಾಗಿ ಉಳಿದಿರಲಿಲ್ಲ. ಅದು ಒಂದು ಬಗೆಯ ಹತ್ತಿಯ ಹೆಸರಾಗಿತ್ತು. ತಮಾಷೆಯೆಂದರೆ, ಆ ಹತ್ತಿಯ ಒಂದು ಕಾಯಿಯೂ ಕುಮಟೆಯ ನೆಲದಲ್ಲಿ ಬಿರಿದದ್ದಲ್ಲ. ಉಪ್ಪುಗಾಳಿ, ಜಂಬಿಟ್ಟಿಗೆ ಮಣ್ಣು, ಬಿಡದೆ ಸುರಿಯುವ ಆಷಾಢದ ಮಳೆ – ಇಲ್ಲಿ ಹತ್ತಿ ಬೆಳೆಯುವ ಮಾತೇ ಇಲ್ಲ. ಅದು ಬೆಳೆದದ್ದು ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಹೊಲಗಳಲ್ಲಿ. ಮೊದಲು ಹೇರೆತ್ತುಗಳ ಬೆನ್ನ ಮೇಲೆ, ಘಟ್ಟಕ್ಕೆ ರಸ್ತೆಯಾದ ಮೇಲೆ ಗಾಡಿಗಳಲ್ಲಿ, ಶಿರಸಿಯ ಮೂಲಕ ದೇವಿಮನೆ ಘಟ್ಟವಿಳಿದು ಕುಮಟೆಗೆ ಬಂದು, ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿ ಸೇರುತ್ತಿತ್ತು. ಹೆಸರು ಬಂದರಿಗೆ ಸಿಕ್ಕಿತು. ಆ ಹೆಸರಿನ ಜತೆಗೆ ಬೇರೇನಾದರೂ ಸಿಕ್ಕಿತೇ ಎಂಬುದು ಇಲ್ಲಿನ ಪ್ರಶ್ನೆ.

ಅರ್ಥಶಾಸ್ತ್ರದಲ್ಲಿ ‘ರಾಷ್ಟ್ರೀಯ ನಾವೀನ್ಯ ವ್ಯವಸ್ಥೆ’ ಎಂಬ ಪರಿಕಲ್ಪನೆಯೊಂದಿದೆ. ಬ್ರಿಟನ್ನಿನ ಕ್ರಿಸ್ಟೋಫರ್ ಫ್ರೀಮನ್ 1987ರಲ್ಲಿ ಜಪಾನನ್ನು ಕುರಿತು ಬರೆಯುವಾಗ, ಡೆನ್ಮಾರ್ಕಿನ ಬೆಂಗ್ಟ್-ಓಕೆ ಲುಂಡ್‌ವಾಲ್ 1992ರ ಸುಮಾರಿಗೆ, ಇದನ್ನು ಬಳಕೆಗೆ ತಂದರು. ಹೆಸರು ಭಾರವಾಗಿದೆ, ಮಾತು ಸರಳ. ಹೊಸ ವಿದ್ಯೆ ಒಬ್ಬ ಜಾಣನ ತಲೆಯಿಂದ ಸಿಡಿದು ಬರುವುದಲ್ಲ. ರೈತ, ಕಮ್ಮಾರ, ಶಾಲೆ, ಸಾಲ ಕೊಡುವವ, ಕಾನೂನು ಮಾಡುವವ ಇವರೆಲ್ಲ ಒಬ್ಬರಿಂದೊಬ್ಬರು ಕಲಿಯುವ ಏರ್ಪಾಡು ಇರುವ ಕಡೆ ಅದು ನಿಲ್ಲುತ್ತದೆ, ಇಲ್ಲದ ಕಡೆ ಬಂದು ಹೋಗುತ್ತದೆ. ಮಾರುಕಟ್ಟೆಯ ಬೆಲೆಯನ್ನು ತಾನೇ ಕಟ್ಟಲಾಗದ ಸಣ್ಣ ದೇಶಕ್ಕೆ ಇದು ಜೀವನ್ಮರಣದ ಪ್ರಶ್ನೆ. ಜಾಗತೀಕರಣ ಎಂಬ ಪದ 1991ರ ನಂತರ ನಮ್ಮ ಪತ್ರಿಕೆಗಳಲ್ಲಿ ಮನೆಮಾತಾಯಿತಾದರೂ ಭಟ್ಕಳ, ಹೊನ್ನಾವರ, ಕುಮಟೆಗಳಿಗೆ ಆ ಅನುಭವ ಐದುನೂರು ವರ್ಷ ಹಳೆಯದು.

ಭಟ್ಕಳದಿಂದ ಆರಂಭಿಸಬಹುದು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ತಾನದಿಂದ, ಹೊರ್ಮುಜಿನಿಂದ ಬಂದಿಳಿಯುತ್ತಿದ್ದ ಮುಖ್ಯ ಬಂದರುಗಳಲ್ಲಿ ಇದು ಒಂದು. ನವಾಯತ ವರ್ತಕರು ಆ ವ್ಯಾಪಾರದಲ್ಲಿ ಪಳಗಿದವರು. ಕುದುರೆ ಬಂತು, ಹಣ ಹೋಯಿತು, ಮರುವರ್ಷ ಮತ್ತೆ ಕುದುರೆ ಬಂತು. ಹೀಗೆ ತಲೆಮಾರುಗಳೇ ಕಳೆದರೂ ಕೊಳ್ಳುವುದು ನಿಲ್ಲಲಿಲ್ಲ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಇದಕ್ಕೆ ಒಂದು ಕಾರಣ ಹೇಳುತ್ತಾನೆ: ಕುದುರೆ ಮಾರುವವರು ಕುದುರೆವೈದ್ಯರನ್ನು ಮಾತ್ರ ಈ ದೇಶಕ್ಕೆ ಬರಗೊಡುತ್ತಿರಲಿಲ್ಲವಂತೆ, ಕುದುರೆ ಸತ್ತಷ್ಟೂ ಅವರಿಗೆ ಲಾಭ. ಬಂದರಿನ ಗಾಳಿಮಾತೇ ಇರಬಹುದು, ಹವೆಯ ದೋಷವೂ ಇರಬಹುದು. ಆದರೆ ಯಂತ್ರ ಮಾರಿ ಅದನ್ನು ದುರಸ್ತಿ ಮಾಡುವ ವಿದ್ಯೆಯನ್ನು ಮುಚ್ಚಿಡುವ ಕಂಪೆನಿಗಳನ್ನು ಕಂಡವರಿಗೆ ಈ ಮಾತು ಹೊಸದೆನಿಸದು.

ಪೋರ್ಚುಗೀಸರು ಬಂದ ಮೇಲೆ ಮಾರುಕಟ್ಟೆಯ ನಿಯಮವೇ ಬದಲಾಯಿತು. 1502ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದವು. ಸಮುದ್ರದಲ್ಲಿ ಹಡಗು ಬಿಡಬೇಕಾದರೆ ಅವರ ರಹದಾರಿ ಬೇಕೆಂದಾಯಿತು. 1510ರಲ್ಲಿ ಗೋವೆಯನ್ನು ಹಿಡಿಯಲು ಆಲ್ಬುಕರ್ಕ್‌ಗೆ ನೆರವಾದವನು ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸರ ‘ತಿಮೋಜ’. ಈ ತೀರದ ಅಳಿವೆ, ಗಾಳಿ, ಗೋವೆಯೊಳಗಿನ ಅಸಮಾಧಾನ ಎಲ್ಲವನ್ನೂ ಬಲ್ಲವನು ಅವನು. ಆ ತಿಳಿವಳಿಕೆ ದುಡಿದದ್ದು ಇನ್ನೊಬ್ಬರ ಸಾಮ್ರಾಜ್ಯಕ್ಕೆ. ಗೋವೆ ಕೈಗೆ ಸಿಕ್ಕೊಡನೆ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ಅಲ್ಲಿಗೆ ಎಳೆದರು. 1542ರಲ್ಲಿ ಕಪ್ಪದ ನೆಪ ಒಡ್ಡಿ ಭಟ್ಕಳವನ್ನು ಸುಟ್ಟರು. 1547ರಲ್ಲಿ ವಿಜಯನಗರದೊಡನೆ ಆದ ಒಪ್ಪಂದ ಕುದುರೆಯ ಬಾಗಿಲನ್ನು ಗೋವೆಯಲ್ಲಿಟ್ಟು, ಘಟ್ಟದ ಮೇಲಿನ ಸರಕು ಅಂಕೋಲೆ, ಹೊನ್ನಾವರಗಳಲ್ಲಿ ಪೋರ್ಚುಗೀಸರ ಗುಮಾಸ್ತರಿಗೆ ಸೇರುವಂತೆ ಮಾಡಿತು. ಬಂದರುಗಳ ಭವಿಷ್ಯ ಹೀಗೆ ಬಂದರಿನವರಿಲ್ಲದ ಕಡೆ ತೀರ್ಮಾನವಾಯಿತು.

ಇದರ ನಡುವೆ ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ, ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದು ‘ಕಾಳುಮೆಣಸಿನ ರಾಣಿ’ ಎಂದು. ಘಟ್ಟದಂಚಿನ ಮೆಣಸು, ಶರಾವತಿಯ ಜಲಮಾರ್ಗ, ಹೊನ್ನಾವರದ ಅಳಿವೆ – ಇಷ್ಟೇ ಬಂಡವಾಳದಲ್ಲಿ ಒಮ್ಮೆ ಕಾದಾಡಿ, ಒಮ್ಮೆ ಒಪ್ಪಂದ ಮಾಡಿ ರಾಜ್ಯ ಉಳಿಸಿಕೊಂಡವಳು. ಸಣ್ಣ ರಾಜ್ಯದ ವಿದೇಶಾಂಗ ನೀತಿಗೆ ಇದಕ್ಕಿಂತ ಒಳ್ಳೆಯ ಪಾಠ ಕರಾವಳಿಯಲ್ಲಿ ಮತ್ತೊಂದಿಲ್ಲ. ಆದರೆ 1569ರಲ್ಲಿ ಹೊನ್ನಾವರದ ಕೋಟೆ ಪೋರ್ಚುಗೀಸರ ಪಾಲಾಯಿತು. 1606ರಲ್ಲಿ ಕೆಳದಿಯ ವೆಂಕಟಪ್ಪನಾಯಕನ ಸೈನ್ಯದ ಮುಂದೆ ರಾಜ್ಯವೇ ಮುಗಿಯಿತು. ಮೆಣಸಿನ ಬೆಲೆಯಾಗಲಿ ಹಡಗಿನ ದಾರಿಯಾಗಲಿ ಎಂದೂ ಅವಳ ಕೈಯಲ್ಲಿರಲಿಲ್ಲ.

ಈಗ ಮತ್ತೆ ಹತ್ತಿಗೆ ಬರೋಣ. ಕಥೆ ನಿಜವಾಗಿ ಸ್ವಾರಸ್ಯವಾಗುವುದು ಇಲ್ಲಿಯೇ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಅಮೆರಿಕದ ತೋಟಗಾರರನ್ನು ಸಂಬಳ ಕೊಟ್ಟು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಬೇರೆಬೇರೆ ಜಿಲ್ಲೆಗಳಲ್ಲಿ ಬಿತ್ತಿಸಿ ನೋಡಿತು. ಬಹುಪಾಲು ಕಡೆ ಸೋತ ಆ ಬೆಳೆ ಧಾರವಾಡದಲ್ಲಿ ಮಾತ್ರ ನೆಲೆಯೂರಿತು. ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು. ಅದರ ಬೀಜಕ್ಕೆ ಅರಳೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಹಳ್ಳಿಯ ಸಾಧನ ನಡೆಯದು. ಗರಗಸದ ಹಲ್ಲಿನ ಜಿನ್ ಯಂತ್ರ ಬೇಕು. ಹಲ್ಲು ಮೊಂಡಾದರೆ ಅರಳೆಯ ಎಳೆ ಹರಿಯುತ್ತದೆ, ಹಲ್ಲು ಮಸೆಯಲು ಪಳಗಿದ ಕೈ ಬೇಕು. ಅದಕ್ಕಾಗಿ ಧಾರವಾಡದಲ್ಲಿ ಸರಕಾರಿ ಜಿನ್ ಕಾರ್ಖಾನೆ ಎದ್ದಿತು, ಬಡಗಿ ಕಮ್ಮಾರರು ತಯಾರಾದರು. ಬೀಜ, ಯಂತ್ರ, ದುರಸ್ತಿಯ ಕೈ ಈ ಮೂರೂ ಒಂದೇ ಊರಿನಲ್ಲಿ ಸೇರಿದ ಅಪರೂಪದ ಘಟನೆ ಇದು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಹತ್ತಿಯ ಬೆಲೆ ಆಕಾಶಕ್ಕೇರಿತು. ದುರಾಸೆಯೂ ಏರಿತು, ಬೀಜ, ಕಸ, ನೀರು ಬೆರೆಸಿದ ಅಂಡಿಗೆಗಳು ಬರತೊಡಗಿದವು. 1863ರಲ್ಲಿ ಮುಂಬಯಿ ಸರಕಾರ ಹತ್ತಿಯ ಮೋಸ ತಡೆಯಲು ಕಾಯಿದೆ ತಂದಿತು. ಇದಕ್ಕೂ ಮುಂಚೆ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನೇ ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿತ್ತು. ಮ್ಯಾಂಚೆಸ್ಟರಿನ ಕಣ್ಣು ಕಾರವಾರದ ಬಂದರಿನ ಮೇಲಿತ್ತು. ಕುಮಟೆಯ ಅಳಿವೆ ದೊಡ್ಡ ಹಡಗಿಗೆ ಸಾಲದು. ಆದರೂ ಹತ್ತಿ ಕುಮಟೆಗೆ ಬರುತ್ತಲೇ ಇತ್ತು, ರೈಲು ಬರುವ ತನಕ. 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂದು, 1888ರಲ್ಲಿ ಮುರಗಾಂವಿನ ದಾರಿ ತೆರೆದುಕೊಂಡಾಗ ದೇವಿಮನೆ ಘಟ್ಟದ ಗಾಡಿಗಳಿಗೆ ಕೆಲಸವಿಲ್ಲದಾಯಿತು. ಗೋದಾಮು ಉಳಿದವು, ಹತ್ತಿ ಹೋಯಿತು. ಮುಂದೆ ಕುಮಟೆಗೇ ರೈಲು ಬರಲು 1990ರ ದಶಕದ ಕೊಂಕಣ ರೈಲ್ವೆಯವರೆಗೆ ಕಾಯಬೇಕಾಯಿತು.

ಅದೇ ಕಾಲಕ್ಕೆ, ಅದೇ ಬ್ರಿಟಿಷ್ ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ, ಸುಮಾರು ಇಪ್ಪತ್ತು ಲಕ್ಷ ಜನರ ಡೆನ್ಮಾರ್ಕಿಗೂ ಇಂಥದೇ ಪೆಟ್ಟು ಬಿದ್ದಿತ್ತು. 1870ರ ದಶಕದಲ್ಲಿ ಅಮೆರಿಕ, ರಷ್ಯಗಳ ಅಗ್ಗದ ಧಾನ್ಯ ಯುರೋಪಿಗೆ ನುಗ್ಗಿ ಡೇನಿಷ್ ರೈತರ ಗೋಧಿಗೆ ಬೆಲೆ ಬಾರದಾಯಿತು. ಅವರು ಧಾನ್ಯ ಮಾರುವುದನ್ನು ಬಿಟ್ಟು ಅದನ್ನು ದನಕ್ಕೆ ತಿನ್ನಿಸಿ ಬೆಣ್ಣೆ ಮಾರಲು ತೊಡಗಿದರು. 1882ರಲ್ಲಿ ಯೇಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಡೇರಿ ಹುಟ್ಟಿತು. ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರ ಆಗಷ್ಟೇ ಬಂದಿತ್ತು. ಒಬ್ಬ ರೈತನ ಕೈಗೆಟುಕದ ಅದನ್ನು ಊರವರು ಸೇರಿ ಕೊಂಡರು. ರೈತರ ಮಕ್ಕಳಿಗಾಗಿ ಗ್ರುಂಡ್ಟ್‌ವಿಗ್ ಎಂಬ ಪಾದ್ರಿಯ ವಿಚಾರದಿಂದ ಹುಟ್ಟಿದ ಜನತಾ ಶಾಲೆಗಳಿದ್ದವು, 1858ರಿಂದ ಪಶುವೈದ್ಯ ಮತ್ತು ಕೃಷಿ ಕಾಲೇಜಿತ್ತು. 1901ರಲ್ಲಿ ಬೆಣ್ಣೆಗೆ ‘ಲೂರ್’ ಎಂಬ ಕಹಳೆಯ ಮುದ್ರೆ ಬಂತು. ಕುಮಟಾ ಹತ್ತಿಯ ಶುದ್ಧತೆಯನ್ನು ಸರಕಾರಿ ಇನ್‌ಸ್ಪೆಕ್ಟರರು ಕಾಯಬೇಕಾಯಿತು. ಡೇನಿಷ್ ಬೆಣ್ಣೆಯದನ್ನು ಬೆಣ್ಣೆ ಮಾಡುವವರೇ ಕಾದರು. ಡೇನರಿಗೆ ಸ್ವಂತ ಸಂಸತ್ತು ಇತ್ತು, ಕುಮಟೆ ಪರರ ಆಳ್ವಿಕೆಯಲ್ಲಿತ್ತು. ಈ ಅಂತರ ಸಣ್ಣದಲ್ಲ. ಆದರೆ ಗೇರುಸೊಪ್ಪೆಗೆ ಸ್ವಂತ ರಾಣಿಯೇ ಇದ್ದಳಲ್ಲ! ಅಧಿಕಾರವೊಂದೇ ಸಾಲದೆಂಬುದಕ್ಕೆ ಅದು ಸಾಕ್ಷಿ.

ಧಾರವಾಡದಲ್ಲಿ ಮಾತ್ರ ಬೇರು ಉಳಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಕೃಷಿ ಕ್ಷೇತ್ರದಲ್ಲಿ ಜಿ.ಎಲ್. ಕೊಟ್ಟೂರ ಅವರು ಇದೇ ಕುಮಟಾ ಹತ್ತಿಯನ್ನು ಆರಿಸಿ ಸುಧಾರಿಸುವ ಕೆಲಸ ಮಾಡಿದರು. 1972ರಲ್ಲಿ ಬಿ.ಎಚ್. ಕತರ್ಕಿ ಅವರ ‘ವರಲಕ್ಷ್ಮಿ’ ಅಲ್ಲಿಂದಲೇ ಹೊರಬಂತು. ಹತ್ತಿಯ ವಿದ್ಯೆ ಹತ್ತಿ ಬೆಳೆದಲ್ಲಿ ನಿಂತಿತು, ಹತ್ತಿ ಹಾದುಹೋದಲ್ಲಿ ನಿಲ್ಲಲಿಲ್ಲ.

ಹಾಗೆಂದು ಕುಮಟೆಗೆ ತನ್ನದೇ ವಿದ್ಯೆ ಇಲ್ಲವೆಂದಲ್ಲ. ಅಘನಾಶಿನಿಯ ಹಿನ್ನೀರಿನ ಗಜನಿ ಭೂಮಿಗಳಿಗೆ ಹೋಗಿ ನೋಡಬೇಕು. ಉಬ್ಬರದ ಉಪ್ಪುನೀರನ್ನು ಒಡ್ಡು ಕಟ್ಟಿ, ಮರದ ಹಲಗೆಯ ಬಾಗಿಲಿಟ್ಟು ನಿಯಂತ್ರಿಸುತ್ತಾರೆ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದಾಗ ‘ಕಗ್ಗ’ ಭತ್ತ ಬಿತ್ತುತ್ತಾರೆ. ಉಪ್ಪಿಗೂ ಜಗ್ಗದ, ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಸಾಯದ ತಳಿ ಅದು, ಗೊಬ್ಬರ ಬೇಡ. ಕೊಯ್ದ ಮೇಲೆ ಉಳಿದ ಕೂಳೆ ಗದ್ದೆಯಲ್ಲೇ ಕೊಳೆತು ಬೇಸಿಗೆಯ ಸಿಗಡಿ ಮೀನುಗಳಿಗೆ ಆಹಾರವಾಗುತ್ತದೆ. ಒಡ್ಡು ಒಬ್ಬನದಲ್ಲ, ಆದ್ದರಿಂದ ಬೇಸಾಯವೂ ಒಬ್ಬನದಲ್ಲ. ಬಾಗಿಲು ಯಾವಾಗ ತೆರೆಯಬೇಕೆಂಬುದು ಊರಿನ ನಿರ್ಧಾರ. ಯಾವ ಪ್ರಯೋಗಾಲಯವೂ ಮಾಡಿಕೊಡದ ಈ ಏರ್ಪಾಡನ್ನು ಒಕ್ಕಲುಗಳು ತಲೆಮಾರುಗಳಿಂದ ಕಟ್ಟಿಕೊಂಡಿದ್ದರು. 1970ರ ದಶಕದಲ್ಲಿ ಸರಕಾರ ಕಲ್ಲಿನ ಕಾಯಂ ಒಡ್ಡುಗಳನ್ನು ಕಟ್ಟಿತು. ಮಣ್ಣಿನ ಒಡ್ಡನ್ನು ವರ್ಷವರ್ಷ ಸೇರಿ ದುರಸ್ತಿ ಮಾಡುವ ರೂಢಿ ಸಡಿಲವಾಯಿತು. ಆಮೇಲೆ ರಫ್ತಿನ ಸಿಗಡಿಗೆ ಬೆಲೆ ಬಂತು. ಗಜನಿಗಳು ಗುತ್ತಿಗೆಗೆ ಹೋದವು, ಮಳೆಗಾಲದಲ್ಲೂ ಉಪ್ಪುನೀರು ನಿಂತಿತು, ಕಗ್ಗ ಹಿಂದೆ ಸರಿಯಿತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಸಿಗಡಿ ಕೊಳಗಳನ್ನು ಬರಿದು ಮಾಡಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ವಲಯದ ಸಿಗಡಿ ಕೃಷಿಯ ಮೇಲೆ ಕಠಿಣ ತೀರ್ಪು ಕೊಟ್ಟಿತು.

ಭತ್ತದ ಬೀಜ ಹತ್ತಾರು ವರ್ಷ ಕಣಜದಲ್ಲಿ ಕೂರುವಂಥದ್ದಲ್ಲ. ಮೊಳೆಯುವ ಶಕ್ತಿ ಉಳಿಯಬೇಕಾದರೆ ಬಿತ್ತುತ್ತಲೇ ಇರಬೇಕು. ಸಿಗಡಿಯ ಹಣ ಹರಿದ ಆ ವರ್ಷಗಳಲ್ಲೂ ಮಾಣಿಕಟ್ಟಾದಂಥ ಕೆಲವು ಊರಿನವರು ಕಗ್ಗ ಬಿತ್ತುವುದನ್ನು ಬಿಡಲಿಲ್ಲ. ಇವತ್ತು ಸಮುದ್ರಮಟ್ಟ ಏರುತ್ತಿರುವಾಗ ಉಪ್ಪು ತಾಳುವ ಭತ್ತವನ್ನು ಹುಡುಕುತ್ತಿರುವ ದೇಶಗಳು ಹಲವು. ಬೀಜ ಈಗಲೂ ಆ ಒಕ್ಕಲುಗಳ ಮನೆಯಲ್ಲಿದೆ.