ಆಶ್ರಯ ಬೇಡಿದವನಿಗೂ ಕೋರ್ಟಿನ ಬಾಗಿಲು

(ಕಾರ್ಮಿಕರ ಅಭ್ಯಾಸವರ್ಗದಲ್ಲಿ ಮಾಡಿದ ಭಾಷಣ)



ಛಾರ್ಜ್‌ಶೀಟು ಕೊಡದೆ, ಮಾತು ಕೇಳದೆ ಒಬ್ಬ ಕಾರ್ಮಿಕನನ್ನು ಗಿರಣಿಯಿಂದ ತೆಗೆದರೆ ನಾವು ಮೊದಲು ಕೇಳುವುದೇನು? ಅವನು ತಪ್ಪು ಮಾಡಿದನೋ ಇಲ್ಲವೋ ಎಂಬುದು ಆಮೇಲಿನ ಮಾತು. ವಿಚಾರಣೆ ಕ್ರಮವಾಗಿ ನಡೆಯಿತೇ ಎಂದು ಕೇಳುತ್ತೇವೆ. ನೋಟೀಸಿಲ್ಲದೆ ಅಂಗಡಿಯ ಲೈಸೆನ್ಸು ರದ್ದಾದರೂ ಪ್ರಶ್ನೆ ಇದೇ.

ಆಸ್ಟ್ರೇಲಿಯಾಕ್ಕೆ ಪ್ರಾಣಭಯದಿಂದ ಓಡಿಬಂದವರ ಪ್ರಶ್ನೆಯೂ ಇದೇ ಆಗಿದೆ. ತಾಯ್ನಾಡಿಗೆ ಮರಳಿದರೆ ಜನಾಂಗ, ಮತ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಗಳಿಗಾಗಿ ಹಿಂಸೆಗೆ ಗುರಿಯಾಗುತ್ತೇವೆ ಎನ್ನುವವರು ಅಲ್ಲಿ ‘ರಕ್ಷಣಾ ವೀಸಾ’ ಕೇಳಬಹುದು. ಮೊದಲು ಸರ್ಕಾರದ ಅಧಿಕಾರಿ ತೀರ್ಮಾನಿಸುತ್ತಾನೆ. ಅವನು ಇಲ್ಲವೆಂದರೆ ಸಾಮಾನ್ಯವಾಗಿ ಟ್ರಿಬ್ಯೂನಲ್ಲು ಇಡೀ ಸಂಗತಿಯನ್ನು ಹೊಸದಾಗಿ ನೋಡುತ್ತದೆ. ಅದೂ ಕೈಬಿಟ್ಟರೆ ಉಳಿಯುವುದು ಕೋರ್ಟು.

ಆದರೆ ಕೋರ್ಟು ‘ನಿನ್ನ ಭಯ ನಿಜವೇ?’ ಎಂದು ಕೇಳುವುದಿಲ್ಲ. ತೀರ್ಮಾನಿಸಿದವರು ಕಾನೂನಿನ ಮೇರೆಯೊಳಗೆ ನಡೆದರೇ, ಅರ್ಜಿದಾರನಿಗೆ ಹೇಳಿಕೊಳ್ಳಲು ಅವಕಾಶ ಕೊಟ್ಟರೇ, ಸರಿಯಾದ ಪ್ರಶ್ನೆ ಹಾಕಿಕೊಂಡರೇ ಎಂಬುದನ್ನಷ್ಟೇ ನೋಡುತ್ತದೆ. ಗೆದ್ದವನಿಗೂ ಅಲ್ಲಿ ವೀಸಾ ಸಿಗದು. ಮತ್ತೊಂದು ವಿಚಾರಣೆ ಸಿಗುತ್ತದೆ.

ಇಷ್ಟು ಕಿರಿದಾದ ಬಾಗಿಲಿನಿಂದ ಏನು ಪ್ರಯೋಜನ ಎನ್ನಬಹುದು. ಕೇಳಿ. ಬಾಂಗ್ಲಾದೇಶದ ಇಬ್ಬರು ಗಂಡಸರು, ಸಲಿಂಗ ದಾಂಪತ್ಯದಲ್ಲಿದ್ದವರು, ಆಶ್ರಯ ಬೇಡಿದರು. ಗುಟ್ಟಾಗಿ ಬಾಳಿದವರು ಮುಂದೆಯೂ ಹಾಗೆಯೇ ಬಾಳುತ್ತಾರೆ, ಅಪಾಯವಿಲ್ಲ ಎಂದಿತು ಟ್ರಿಬ್ಯೂನಲ್ಲು. ಆ ದೇಶದ ಅತ್ಯುಚ್ಚ ನ್ಯಾಯಸ್ಥಾನವಾದ ಹೈಕೋರ್ಟು 2003ರಲ್ಲಿ ಆ ತೀರ್ಮಾನವನ್ನು ಎತ್ತಿಹಾಕಿತು. ಅವರು ಗುಟ್ಟಾಗಿ ಬಾಳಿದ್ದು ಹಿಂಸೆಯ ಭಯದಿಂದಲೇ ಅಲ್ಲವೇ ಎಂಬ ಪ್ರಶ್ನೆಯನ್ನೇ ಟ್ರಿಬ್ಯೂನಲ್ಲು ಕೇಳಿಕೊಂಡಿರಲಿಲ್ಲ.

ಈ ಬಾಗಿಲನ್ನೂ ಮುಚ್ಚುವ ಯತ್ನ ನಡೆಯಿತು. 2001ರ ಆಗಸ್ಟಿನಲ್ಲಿ ಟಾಂಪಾ ಎಂಬ ನಾರ್ವೆಯ ಹಡಗು ಸಮುದ್ರದಲ್ಲಿ 433 ಜನರನ್ನು ಕಾಪಾಡಿ ತಂದಾಗ ಸರ್ಕಾರ ಅವರನ್ನು ಇಳಿಯಗೊಡಲಿಲ್ಲ. ಆ ಗದ್ದಲದ ದಿನಗಳಲ್ಲೇ, ಇಂಥ ತೀರ್ಮಾನಗಳನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸಕೂಡದೆಂಬ ಕಲಮನ್ನು ಪಾರ್ಲಿಮೆಂಟು ಅಂಗೀಕರಿಸಿತು. 2003ರ ಫೆಬ್ರವರಿಯಲ್ಲಿ ಹೈಕೋರ್ಟು ಹೇಳಿತು: ಅಧಿಕಾರದ ಮೇರೆ ಮೀರಿ ಮಾಡಿದ ತೀರ್ಮಾನ ಕಾಯಿದೆಯಡಿಯ ತೀರ್ಮಾನವೇ ಅಲ್ಲ, ಈ ಕಲಮು ಅದನ್ನು ಕಾಯದು. ಸರ್ಕಾರದ ಅಧಿಕಾರಿಗಳನ್ನು ಕಾನೂನಿನೊಳಗೆ ಹಿಡಿದಿಡುವ ಅಧಿಕಾರವನ್ನು ಸಂವಿಧಾನದ 75ನೆಯ ಕಲಮು ಹೈಕೋರ್ಟಿಗೆ ಕೊಟ್ಟಿದೆ. ಬಹುಮತವಿದ್ದ ಮಾತ್ರಕ್ಕೆ ಪಾರ್ಲಿಮೆಂಟು ಅದನ್ನು ಕಸಿಯಲಾರದು.

ಹಾಗೆಂದು ಬಡವನಿಗೆ ಈ ದಾರಿ ಸುಲಭವೆಂದು ತಿಳಿಯಬೇಡಿ. ತೀರ್ಮಾನದ ದಿನದಿಂದ 35 ದಿನಗಳೊಳಗೆ ಅರ್ಜಿ ಹಾಕಬೇಕು. ತಡವಾದರೆ ಕಾರಣ ತೋರಿಸಿ ಕೋರ್ಟಿನ ಅನುಮತಿ ಬೇಡಬೇಕು. ಫೀಜು ಬೇಕು, ವಕೀಲ ಬೇಕು, ಬಾರದ ಇಂಗ್ಲಿಷಿನಲ್ಲಿ ಕಾನೂನಿನ ತಪ್ಪನ್ನು ಎತ್ತಿ ತೋರಿಸಬೇಕು. ಹಕ್ಕು ಕಾಗದದ ಮೇಲಿದ್ದರೂ ಅದನ್ನು ಕೈಗೆ ತಂದುಕೊಡಲು ನೆರವಿನ ಸಂಘಗಳು, ಸಂಬಳ ಬೇಡದ ವಕೀಲರು ಬೇಕಾಗುತ್ತಾರೆ.

ನಮ್ಮ ದೇಶದಲ್ಲಿ ರಕ್ಷಣಾ ವೀಸಾ ಎಂಬುದಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ 1996ರಲ್ಲಿ ಅರುಣಾಚಲದ ಚಕಮಾ ಜನರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 21ನೆಯ ವಿಧಿ ಪ್ರಜೆಗಳನ್ನಷ್ಟೇ ಅಲ್ಲ, ಪ್ರತಿಯೊಬ್ಬ ಮನುಷ್ಯನ ಪ್ರಾಣವನ್ನೂ ಕಾಯುತ್ತದೆಂದು ಹೇಳಿತು. ಪರದೇಶಿಯ ಮಾತು ಕೇಳದೆ ತಳ್ಳುವ ಅಭ್ಯಾಸ ಬಿದ್ದ ಕಚೇರಿ ನಾಳೆ ನಮ್ಮ ಮಾತನ್ನೂ ಕೇಳದು. ಆದ್ದರಿಂದ ಅವನ ಬಾಗಿಲು ತೆರೆದಿದೆಯೇ ಎಂದು ನೋಡುವುದು ನಮ್ಮ ಕೆಲಸವೂ ಹೌದು.