ನಕ್ಷತ್ರ ಆಮೆಯ ಬೆಳೆದ ಕೊಕ್ಕು

(ಸೋಸಲೆಯಲ್ಲಿ ರೈತರ ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಮಣ್ಣು, ಬೆಳೆಗಳ ಬಗ್ಗೆ ಮಾತನಾಡಬೇಕಾದವನು ಆಮೆಯ ವಿಷಯ ಎತ್ತಿಕೊಂಡದ್ದೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾನು ಘಟ್ಟದ ಸೀಮೆಯವನು. ಅಲ್ಲಿಯ ಮಳೆಯ ನೀರೇ ಕಾವೇರಿ, ಕಪಿಲೆಯರಾಗಿ ಹರಿದು ನಿಮ್ಮ ತಿರುಮಕೂಡಲಿನ ಸಂಗಮವನ್ನು ಸೇರುತ್ತದೆ ಎಂಬ ಸಲಿಗೆಯಿಂದ ಇಲ್ಲಿಗೆ ಬಂದಿದ್ದೇನೆ. ಇನ್ನು ಆಮೆಯ ವಿಷಯ. ಮನೆಗಳಲ್ಲಿ ಸಾಕಿ ಕಡೆಗಣಿಸಿದ ಆಮೆಯ ಕೊಕ್ಕು ವಿಪರೀತವಾಗಿ ಬೆಳೆಯುವುದು ಬಹುಮಟ್ಟಿಗೆ ಮೇವಿನ ಸಮಸ್ಯೆ. ಮೇವು ಎಂದಮೇಲೆ ಅದು ನನ್ನ ವಿಷಯವೂ ಹೌದು, ನಿಮ್ಮ ವಿಷಯವೂ ಹೌದು.

ಕನ್ನಡದಲ್ಲಿ ನೆಲದ ಮೇಲಿನದಕ್ಕೂ ನೀರಿನೊಳಗಿನದಕ್ಕೂ ಆಮೆ ಎಂಬ ಒಂದೇ ಹೆಸರು. ಭಾಷೆಗೆ ಇದರಿಂದ ಕೊರತೆಯೇನಿಲ್ಲ, ಆದರೆ ಆಮೆಗೆ ಪ್ರಾಣಸಂಕಟ. ನಿಮ್ಮ ಹೊಳೆಯಲ್ಲೂ ಕೆರೆಯಲ್ಲೂ ಇರುವ ನೀರಾಮೆಗಳಿಗೆ ಜಾಲಪಾದ, ಚಪ್ಪಟೆಯಾದ ಚಿಪ್ಪು. ನಕ್ಷತ್ರ ಆಮೆಯಾದರೋ ಕೋಲಾರ, ಚಿಕ್ಕಬಳ್ಳಾಪುರದಂತಹ ಒಣ ಸೀಮೆಯ ಕುರುಚಲು ಕಾಡು, ಹುಲ್ಲುಗಾವಲುಗಳಲ್ಲಿ ಬದುಕುವ ಪ್ರಾಣಿ. ಅದರ ಚಿಪ್ಪು ಗುಮ್ಮಟದಂತೆ ಉಬ್ಬಿರುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಹಳದಿ ಕಿರಣಗಳಿರುತ್ತವೆ, ಕಾಲುಗಳು ಪುಟ್ಟ ಆನೆಯ ಕಾಲಿನಂತಿರುತ್ತವೆ. ಅದಕ್ಕೆ ಈಜು ಬಾರದು. ಪುಣ್ಯದ ಆಸೆಯಿಂದಲೋ, ಸಾಕಿ ಬೇಸರವಾದದ್ದರಿಂದಲೋ, ಕಾನೂನಿನ ಭಯದಿಂದಲೋ ಅದನ್ನು ಸಂಗಮಕ್ಕೆ ತಂದು ನೀರಿಗೆ ಬಿಟ್ಟರೆ ಅದು ಬಿಡುಗಡೆಯಾಗದು. ಮುಳುಗಿಸಿ ಕೊಂದಂತೆಯೇ ಆಗುತ್ತದೆ.

ಆಮೆಗೆ ಹಲ್ಲಿಲ್ಲ. ದವಡೆಯ ಮೂಳೆಯ ಮೇಲೆ ನಮ್ಮ ಉಗುರಿನ ವಸ್ತುವೇ ಆದ ಕೆರಟಿನ್ನಿನ ಹೊದಿಕೆಯಿದೆ; ಕೊಕ್ಕು ಎನ್ನುವುದು ಇದನ್ನೇ. ಉಗುರಿನಂತೆಯೇ ಇದು ಜೀವಮಾನವಿಡೀ ಬೆಳೆಯುತ್ತದೆ. ಬಯಲಿನಲ್ಲಿ ನಾರುಳ್ಳ ಒರಟು ಹುಲ್ಲನ್ನು ಕತ್ತರಿಸಿ ಎಳೆದು ತಿನ್ನುವಾಗ, ಮಣ್ಣು ಕಲ್ಲಿಗೆ ಬಾಯಿ ತಾಗುವಾಗ ಬೆಳೆದಷ್ಟೂ ಸವೆಯುತ್ತದೆ. ಮನೆಯ ಸಿಮೆಂಟು ನೆಲದ ಮೇಲೆ ಅನ್ನ, ಬಾಳೆಹಣ್ಣು, ಟೊಮೆಟೊ, ಹಾಲಿನಲ್ಲಿ ನೆನೆಸಿದ ಬ್ರೆಡ್ಡು ಇಟ್ಟರೆ ಸವೆಯುವುದಕ್ಕೆ ಅವಕಾಶವೇ ಇಲ್ಲ. ಮೇಲಿನ ಕೊಕ್ಕು ಗಿಣಿಯ ಕೊಕ್ಕಿನಂತೆ ಕೆಳಕ್ಕೆ ಬಾಗುತ್ತದೆ. ಆಗ ಆಮೆಗೆ ಹುಲ್ಲು ಹಿಡಿಯಲಾಗುವುದಿಲ್ಲ. ಹುಲ್ಲು ಹಿಡಿಯಲಾಗದ್ದರಿಂದ ಮೆತ್ತನೆಯದನ್ನೇ ಹಾಕುತ್ತಾರೆ. ಹಾಕಿದಷ್ಟೂ ಕೊಕ್ಕು ಬೆಳೆಯುತ್ತದೆ.

ಸವೆತದ್ದು ಅರ್ಧ ಕಥೆ ಮಾತ್ರ. ಹಸುವಿನ ಮೇವಿನಲ್ಲಿ ಸುಣ್ಣಾಂಶಕ್ಕೂ ರಂಜಕಕ್ಕೂ ಒಂದು ಪ್ರಮಾಣವಿರಬೇಕೆಂದು ನಿಮಗೆ ತಿಳಿದಿದೆ. ಖನಿಜ ಮಿಶ್ರಣದ ಚೀಲದ ಮೇಲೆ ಓದಿದ್ದೀರಿ. ಆಮೆಯ ಮೇವಿನಲ್ಲಿ ರಂಜಕದ ಎರಡು ಪಟ್ಟಾದರೂ ಕ್ಯಾಲ್ಸಿಯಂ ಇದ್ದರೆ ಒಳ್ಳೆಯದು. ಬಾಳೆಹಣ್ಣಿನಲ್ಲಿ ಇದು ತಲೆಕೆಳಗು, ಕ್ಯಾಲ್ಸಿಯಂನ ಸುಮಾರು ನಾಲ್ಕು ಪಟ್ಟು ರಂಜಕ. ನುಗ್ಗೆ ಸೊಪ್ಪನ್ನು ನೋಡಿ: ನಮ್ಮ ದೇಶದ ಹಳೆಯ ಆಹಾರ ಕೋಷ್ಟಕಗಳ ಪ್ರಕಾರ 100 ಗ್ರಾಂನಲ್ಲಿ 440 ಮಿಲಿಗ್ರಾಂ ಕ್ಯಾಲ್ಸಿಯಂ, 70 ಮಿಲಿಗ್ರಾಂ ರಂಜಕ. ಆಹಾರದಲ್ಲಿ ಕ್ಯಾಲ್ಸಿಯಂ ಸಾಲದಾದರೆ ದೇಹ ಅದನ್ನು ಮೂಳೆಯಿಂದ ಕಿತ್ತುಕೊಳ್ಳುತ್ತದೆ. ದವಡೆ ಮೆತ್ತಗಾಗಿ ಸೊಟ್ಟಗಾಗುತ್ತದೆ. ಮೇಲಿನ ಕೆಳಗಿನ ಅಂಚುಗಳು ಒಂದಕ್ಕೊಂದು ಕೂಡದೆ ಹೋದಮೇಲೆ ಎಷ್ಟು ಒರಟು ಹುಲ್ಲು ಹಾಕಿದರೂ ಕೊಕ್ಕು ಸಮನಾಗಿ ಸವೆಯಲಾರದು. ಯಕೃತ್ತಿನ ಕಾಯಿಲೆಯಿಂದಲೂ ಕೊಕ್ಕು ಬೆಳೆಯುವುದುಂಟು. ಅದನ್ನು ಪತ್ತೆಮಾಡುವುದು ವೈದ್ಯರ ಕೆಲಸ.

ಇದರೊಂದಿಗೆ ಬಿಸಿಲೂ ಬೇಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಅದು ಚರ್ಮದಲ್ಲಿ ತಯಾರಾಗಲು ಬಿಸಿಲಿನ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುತ್ತದೆ. ಚಳಿಯ ದೇಶಗಳಲ್ಲಿ ಇದಕ್ಕೆಂದೇ ದುಬಾರಿ ದೀಪಗಳನ್ನು ಕೊಂಡು ಉರಿಸುತ್ತಾರೆ. ಸೋಸಲೆಯ ಅಂಗಳದಲ್ಲಿ ವರ್ಷವಿಡೀ ಪುಕ್ಕಟೆಯಾಗಿ ಬೀಳುವ ಬಿಸಿಲಿನಿಂದ ತಪ್ಪಿಸಿ ಪ್ರಾಣಿಯನ್ನು ಬಚ್ಚಲಿನಲ್ಲಿ ಬಚ್ಚಿಡುವ ನಮ್ಮ ಜಾಣ್ಮೆಗೆ ಏನನ್ನೋಣ!

ಕೆಲವು ವರ್ಷಗಳ ಹಿಂದೆ, ರಕ್ಷಿಸಿ ತಂದಿದ್ದ ಹೆಣ್ಣು ಆಮೆಯೊಂದರ ಮೇವಿನ ಬಗ್ಗೆ ಪಶುವೈದ್ಯರೊಬ್ಬರು ನನ್ನ ಸಲಹೆ ಕೇಳಿದ್ದರು. ಅದು ಬಹುಕಾಲ ಬಚ್ಚಲುಮನೆಯ ಮೂಲೆಯಲ್ಲಿ ಅನ್ನ ತಿಂದು ಬೆಳೆದದ್ದು. ಕಣ್ಣು ಗುಳಿಬಿದ್ದಿತ್ತು, ಕೊಕ್ಕು ಗದ್ದವನ್ನು ದಾಟಿತ್ತು. ವೈದ್ಯರು ಮೊದಲ ದಿನವೇ ಕತ್ತರಿ ಹಿಡಿಯಲಿಲ್ಲ. ಗದ್ದ ಮುಳುಗದಷ್ಟು ಉಗುರುಬೆಚ್ಚನೆಯ ನೀರಿನಲ್ಲಿ ದಿನವೂ ಇಪ್ಪತ್ತು ನಿಮಿಷ ಕೂರಿಸಿ, ಮೊದಲು ದೇಹದ ನೀರಿನ ಕೊರತೆ ನೀಗಿಸಿದರು. ಎಕ್ಸ್‌ರೇ ತೆಗೆಸಿ ದವಡೆಯ ಮೂಳೆ ಎಲ್ಲಿಯವರೆಗಿದೆ ಎಂದು ನೋಡಿದರು. ಆಮೇಲೆ ತಿರುಗುವ ಸಣ್ಣ ಅರದಿಂದ, ಕೆಲವು ವಾರಗಳ ಅಂತರ ಬಿಟ್ಟು, ಮೂರು ಸಲ ಸ್ವಲ್ಪಸ್ವಲ್ಪವೇ ತೇಯ್ದರು. ಕೊಕ್ಕಿನೊಳಗೆ ರಕ್ತನಾಳವಿರುವ ಜೀವಂತ ಭಾಗವಿದೆ. ಮನೆಯ ಉಗುರುಕತ್ತರಿಯಿಂದ ಕಚಕ್ಕನೆ ಕತ್ತರಿಸಿದರೆ ಕೊಕ್ಕು ಬುಡದವರೆಗೆ ಸೀಳಬಹುದು; ರಕ್ತ ಸೋರಿ, ನೋವಿನಿಂದ ಪ್ರಾಣಿ ಮತ್ತೆ ಬಾಯಿ ತೆರೆಯದಿರಬಹುದು.

ಮೇವಿನ ವಿಷಯದಲ್ಲಿ ನಾನು ಹೇಳಿದ್ದು ನಿಮ್ಮ ಬದುವಿನಲ್ಲೇ ಸಿಗುವ ವಸ್ತುಗಳು. ಗರಿಕೆ ಮುಖ್ಯ. ಅದರ ಜೊತೆಗೆ ದಾಸವಾಳದ ಎಲೆ, ಹೂವು, ಮುಳ್ಳು ತೆಗೆದ ಪಾಪಾಸುಕಳ್ಳಿ, ಸ್ವಲ್ಪ ನುಗ್ಗೆ ಸೊಪ್ಪು, ಮತ್ತು ಹಿಪ್ಪುನೇರಳೆ. ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಿರುವ ನರಸೀಪುರದ ಸೀಮೆಯವರಿಗೆ ಹಿಪ್ಪುನೇರಳೆಯ ಗುಣವನ್ನು ನಾನು ಹೇಳಬೇಕಿಲ್ಲ. ಹುಳುವಿಗೆ ಸೊಪ್ಪು ಹಾಕುವಾಗ ಔಷಧಿ ಹೊಡೆದ ದಿನವನ್ನು ಎಷ್ಟು ಎಚ್ಚರಿಕೆಯಿಂದ ಲೆಕ್ಕ ಹಾಕುತ್ತೀರೋ ಅಷ್ಟೇ ಎಚ್ಚರಿಕೆ ಇಲ್ಲಿಯೂ ಬೇಕು. ಕ್ಯಾಲ್ಸಿಯಂಗಾಗಿ ಗ್ರಂಥಿಗೆ ಅಂಗಡಿಯ ಸಮುದ್ರನೊರೆಯ ತುಂಡೊಂದನ್ನು ಬಳಿಯಲ್ಲಿಟ್ಟರೆ ಆಮೆ ಕಚ್ಚುತ್ತಾ ಕೊಕ್ಕನ್ನೂ ತೇಯ್ದುಕೊಳ್ಳುತ್ತದೆ. ಎಲೆಯಡಿಕೆಯ ಸುಣ್ಣ ಮಾತ್ರ ಕೂಡದು, ಅದು ಬಾಯಿಯನ್ನು ಸುಡುತ್ತದೆ.

ಆ ಆಮೆ ಕೆಲವು ತಿಂಗಳುಗಳಲ್ಲಿ ತಾನಾಗಿ ಗರಿಕೆ ಮೇಯತೊಡಗಿತು. ಆದರೆ ದವಡೆಯ ಸೊಟ್ಟು ಸರಿಹೋಗಲಿಲ್ಲ. ಅದರ ಕೊಕ್ಕನ್ನು ಆಗಾಗ ತೇಯುತ್ತಲೇ ಇರಬೇಕು. ಕಾಡಿಗೆ ಮರಳುವ ಯೋಗ ಅದಕ್ಕಿಲ್ಲ.

ದನಕರುಗಳನ್ನು ಸಾಕಿದವರಿಗೆ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆಮೆಯ ಮೈಮೇಲೂ ಉಣ್ಣೆ ಕಾಣಿಸುವುದುಂಟು. ಹಸುವಿಗೆ ಕೊಡಿಸಿದ ಐವರ್‌ಮೆಕ್ಟಿನ್ ಮಿಕ್ಕಿದೆಯೆಂದು ಆಮೆಗೆ ಹಾಕಬೇಡಿ. ಹಸುವಿಗೆ ಮದ್ದಾದದ್ದು ಆಮೆಗೆ ವಿಷ. ಪಾರ್ಶ್ವವಾಯು ಬಡಿದು ಸಾಯುತ್ತದೆ. ಎ ಜೀವಸತ್ವದ ಚುಚ್ಚುಮದ್ದನ್ನೂ ಅಂದಾಜಿನಲ್ಲಿ ಕೊಡಬಾರದು. ಹೆಚ್ಚಾದರೆ ಚರ್ಮವೇ ಸುಲಿದು ಬರುತ್ತದೆ.

ಇಷ್ಟೆಲ್ಲ ಕೇಳಿ, ಹಾಗಾದರೆ ಚೆನ್ನಾಗಿಯೇ ಸಾಕೋಣ ಎಂದು ಯಾರೂ ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. 2022ರ ತಿದ್ದುಪಡಿ ಅದನ್ನು ಮೊದಲನೆಯ ಅನುಸೂಚಿಗೆ ಸೇರಿಸಿದೆ. ಆಮೆ ಮನೆಗೆ ಅದೃಷ್ಟ ತರುತ್ತದೆ ಎಂಬ ನಂಬಿಕೆಯ ಹಿಂದೆ ದೊಡ್ಡ ವ್ಯಾಪಾರವೇ ಇದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಒಂದೇ ವ್ಯಾಪಾರ ಕೇಂದ್ರಕ್ಕಾಗಿ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿಯಲಾಗುತ್ತಿದೆ ಎಂದು ಅಂದಾಜು ಮಾಡಿತ್ತು. 2018ರಲ್ಲಿ ಸಿಂಗಪುರದಲ್ಲಿ ರಕ್ಷಿಸಲ್ಪಟ್ಟಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ತರಲಾಯಿತು. 2019ರಲ್ಲಿ ಇವುಗಳ ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲಾಯಿತು. ಹಿಡಿದ ಆಮೆಯನ್ನು ಯಾವುದಾದರೊಂದು ಕಾಡಿಗೆ ಬಿಟ್ಟರಾಯಿತು ಎನ್ನುವುದೂ ಸರಿಯಲ್ಲ. ಮನೆಯಲ್ಲಿ ಅಂಟಿದ ರೋಗವನ್ನು ಅದು ಕಾಡಿನ ಆಮೆಗಳಿಗೆ ಒಯ್ಯಬಹುದು. ಗುಜರಾತಿನ ಕಡೆಯ ಆಮೆಗೂ ದಕ್ಷಿಣದ ಆಮೆಗೂ ವಂಶಭೇದವಿರುವುದರಿಂದ ಮೂಲ ತಿಳಿಯದೆ ಬೆರೆಸಲೂ ಬಾರದು.

ಇಂತಹ ಆಮೆ ನಿಮ್ಮ ಕಣ್ಣಿಗೆ ಬಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ದೂರವಾಣಿ ಮಾಡಿ. ಅವರು ಬರುವವರೆಗೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ನೆರಳಿನಲ್ಲಿಡಿ. ಬಲವಂತವಾಗಿ ಏನನ್ನೂ ತಿನ್ನಿಸಬೇಡಿ. ಎಲ್ಲಿ ಸಿಕ್ಕಿತು, ಎಷ್ಟು ಕಾಲ ಯಾರಲ್ಲಿತ್ತು, ಏನು ತಿನ್ನುತ್ತಿತ್ತು ಎಂಬುದನ್ನು ಕೇಳಿ ಬರೆದಿಡಿ. ವೈದ್ಯರಿಗೆ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ. ನೆರೆಯವರ ಮನೆಯಲ್ಲಿದ್ದರೆ ಹೆದರಿಸಬೇಡಿ. ಹೆದರಿದವರು ರಾತ್ರೋರಾತ್ರಿ ಹೊಳೆಗೆ ಎಸೆದುಬಿಡುತ್ತಾರೆ. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಕೊಕ್ಕನ್ನು ತೋರಿಸಿ, ಅದು ಹಸಿದಿದೆ ಎಂದು ಹೇಳಿ. ಕಾಯಿದೆಯ ಮಾತು ಆಮೇಲೆ ಬರಲಿ.

ರೈತರಿಗೆ ನನ್ನದೊಂದು ಕೋರಿಕೆಯಿದೆ. ಮೈಸೂರಿನ ಸುತ್ತಮುತ್ತ ವನ್ಯಪ್ರಾಣಿಗಳ ಪುನರ್ವಸತಿ ಕೇಂದ್ರಗಳಿವೆ. ಔಷಧಿ ಹೊಡೆಯದ ಸೊಪ್ಪು ಪೇಟೆಯಲ್ಲಿ ಸಿಗುವುದು ಕಷ್ಟ. ನಿಮ್ಮಲ್ಲಿ ನಾಲ್ಕೈದು ಮಂದಿ ಬದುವಿನ ಒಂದು ತುಂಡಿಗೆ ಕಳೆನಾಶಕ ಸೋಕಿಸದೆ ಗರಿಕೆಯನ್ನೂ ಹಿಪ್ಪುನೇರಳೆಯ ಒಂದು ಸಾಲನ್ನೂ ಬಿಟ್ಟುಕೊಟ್ಟರೆ, ಆ ಕೇಂದ್ರದವರೊಂದಿಗೆ ಮಾತನಾಡಿ ವಾರಕ್ಕೊಂದು ಹೊರೆ ಕಳುಹಿಸುವ ಏರ್ಪಾಡು ಮಾಡಬಹುದು. ಒಪ್ಪುವವರು ಸಭೆ ಮುಗಿದಮೇಲೆ ಹೆಸರು ಬರೆಸಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.