ಗೋಣಿ ಸೊಪ್ಪು ಅಂದ್ಕೊಂಡು ಕಿತ್ತಿದ್ದೆ!

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋ ನಿಮ್ಮನ್ನ ಇವತ್ತು ಒಂದು ರಾಗಿ ಹೊಲಕ್ಕೆ ಕರ್ಕೊಂಡು ಹೋಗ್ತೀನಿ.

ನಮ್ಮಜ್ಜಿ ಊರು ತುಮಕೂರು ಕಡೆ. ಮಳೆ ಬಿದ್ದು ಎರಡು ಮೂರು ವಾರ ಆದ್ರೆ ಸಾಕು, ಅಣ್ಣೆ, ಗೋಣಿ, ಕೀರೆ, ಹೊನಗೊನ್ನೆ ಎಲ್ಲ ತಾನಾಗೇ ಏಳುತ್ತೆ. ಯಾರೂ ಬಿತ್ತಿದ್ದಲ್ಲ. ಅಜ್ಜಿ ಅದನ್ನೆಲ್ಲ ಮಡಿಲಿಗೆ ತುಂಬ್ಕೊಂಡು ಬಂದು ಬೆರಕೆ ಸೊಪ್ಪಿನ ಸಾರು ಮಾಡ್ತಾಳೆ. ಮುದ್ದೆ ಜೊತೆ ಅದರ ರುಚಿನೇ ಬೇರೆ.

ಹೋದ ಮಳೆಗಾಲದಲ್ಲಿ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. "ಮಗಾ, ಈ ಸಲ ನೀನೇ ಸೊಪ್ಪು ಕಿತ್ಕೊಂಡ್ ಬಾ" ಅಂದ್ಳು. ನಾನು ಓದಿದ್ದು ಬಿ.ಕಾಂ. ಆದ್ರೇನು, ಕೈಯಲ್ಲಿ ಮೊಬೈಲ್ ಇದ್ಯಲ್ಲ! ನೆಲದ ಮೇಲೆ ಹರಡಿದ್ದ ಕೆಂಪು ಕಾಂಡದ ಗಿಡದ ಫೋಟೊ ತೆಗೆದೆ. ಆ್ಯಪ್‌ನಲ್ಲಿ ಪೋರ್ಚುಲಾಕಾ ಅಂತ ಬಂತು, ಅಂದ್ರೆ ನಮ್ಮ ಗೋಣಿ ಸೊಪ್ಪು. ಅದು ಸರಿಯಾಗೇ ಹೇಳಿತ್ತು. ತಪ್ಪು ನಂದು. ಪಕ್ಕದಲ್ಲಿ ಅದೇ ಥರ ಹರಡಿದ್ದ ಇನ್ನೊಂದು ಗಿಡಾನೂ ಅದೇ ಅಂದ್ಕೊಂಡು ಚೀಲಕ್ಕೆ ತುಂಬಿದೆ.

ಸೊಪ್ಪು ಬಿಡಿಸ್ತಿದ್ದ ಅಜ್ಜಿಯ ಕೈ ತಟ್ಟನೆ ನಿಂತಿತು. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗಿತ್ತು. ಒಂದು ಕಡ್ಡಿ ಮುರಿದಳು. ಬೆಳ್ಳಗೆ ಹಾಲು ಬಂತು. "ಇದು ಗೋಣಿ ಅಲ್ಲ ಕಣೋ. ತಿಂದ್ರೆ ಹೊಟ್ಟೆ ಕೆಟ್ಟು ಮಲಗ್ತೀಯ."

ಅದು ಯೂಫೋರ್ಬಿಯಾ ಜಾತಿಯ ಕಳೆ. ಅದರ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ. ವ್ಯತ್ಯಾಸ ಕೇಳಿ. ಗೋಣಿ ಎಲೆ ದಪ್ಪ, ನೀರು ತುಂಬಿದ ಹಾಗೆ, ಕಾಂಡ ನುಣುಪು, ಮುರಿದ್ರೆ ನೀರಿನಂಥ ರಸ. ಆ ಕಳೆಯ ಎಲೆ ತೆಳು, ಕಾಂಡ ಸಣ್ಣ. ಬೀಜದಲ್ಲಂತೂ ಅನುಮಾನಾನೇ ಇಲ್ಲ. ಗೋಣಿಯ ಪುಟ್ಟ ಕಾಯಿ ಡಬ್ಬಿ ಮುಚ್ಚಳದ ಹಾಗೆ ತೆರ್ಕೊಳ್ಳುತ್ತೆ, ಒಳಗೆ ಕರೀ ಪುಡಿಯಂಥ ಹತ್ತಾರು ಬೀಜ. ಕಳೆಯ ಕಾಯಿಗೆ ಮೂರು ಹೋಳು, ಹೋಳಿಗೊಂದೇ ಬೀಜ.

ಹಾಗಂತ "ಹಾಲು ಇಲ್ಲ ಅಂದ್ರೆ ತಿನ್ಬಹುದು" ಅಂತ ಲೆಕ್ಕ ಹಾಕ್ಬೇಡಿ. ದತ್ತೂರಿಯಲ್ಲಿ ಹಾಲಿಲ್ಲ, ಆದ್ರೆ ಗಿಡವೆಲ್ಲ ವಿಷ. ಅದರ ಒಣಗಿದ ಬೀಜ ನೋಡೋಕೆ ಮೆಣಸಿನಕಾಯಿ ಬೀಜದ ಹಾಗೇ ಇರುತ್ತೆ.

ಆಡಿಟ್‌ನಲ್ಲಿ ಒಂದೇ ಬಿಲ್ ನೋಡಿ ಯಾರೂ ಸಹಿ ಹಾಕಲ್ಲ. ವೋಚರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ತಾಳೆ ಆಗ್ಬೇಕು. ಗಿಡಕ್ಕೂ ಅಷ್ಟೇ. ಎಲೆ, ಕಾಂಡ, ರಸ, ಹೂ, ಬೀಜ ಎಲ್ಲ ತಾಳೆ ಆಗ್ಬೇಕು, ಮೇಲೆ ಗೊತ್ತಿರೋರೊಬ್ಬರು ಹೌದು ಅನ್ಬೇಕು. ಒಂದು ಅನುಮಾನ ಬಂದ್ರೂ ಬಿಸಾಕಿ. ಕಳೆನಾಶಕ ಹೊಡೆದ ಜಾಗ, ಚರಂಡಿ ಪಕ್ಕ ಬೇಡವೇ ಬೇಡ. ಗೋಣಿಯಲ್ಲಿ ಆಕ್ಸಲೇಟ್ ಜಾಸ್ತಿ, ಕಿಡ್ನಿ ಕಲ್ಲಿರೋರು ಹುಷಾರು.

ಅಜ್ಜಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತೆ. ಆದ್ರೂ ಈ ಮಳೆಗೆ ನಾನೂ ಅವಳ ಹಿಂದೆ ಹೋಗ್ತೀನಿ. ಅಮ್ಮನಿಗೆ ಇದರಲ್ಲಿ ಅರ್ಧ ಗೊತ್ತು, ನನಗೆ ಒಂದೇ ಒಂದು. ಒಂದು ಮಳೆಗಾಲಕ್ಕೆ ಒಂದು ಗಿಡ, ಮೊಳಕೆಯಿಂದ ಬೀಜದವರೆಗೆ ನೋಡಿ ಕಲಿಯೋದು ಅಂತ ತೀರ್ಮಾನ ಮಾಡಿದೀನಿ. ನಿಮ್ಮನೇಲೂ ಅಂಥ ಅಜ್ಜಿ ಇದ್ರೆ ಇವತ್ತೇ ಫೋನ್ ಮಾಡಿ, ಒಂದು ಸೊಪ್ಪಿನ ಗುರುತು ಕೇಳಿ. ಮುಂದಿನ ಕಂತಿನಲ್ಲಿ ಸಿಗೋಣ.